ಅಜ್ಜಿಯ ಹದಿನಾರು ಗಂಟೆ

ಮೆಣಸಿಗೆ ಹದಿನೆಂಟು ತುಂಬುವುದಕ್ಕೆ ಮೂವತ್ತಮೂರು ದಿನ ಉಳಿದಿದ್ದಾಗ, ಒಂದು ಬುಧವಾರ, ಅಂಚೆ ವಿಂಗಡಣಾ ಕೇಂದ್ರದಿಂದ ಕಾಗದ ಬಂತು. ಅವಳು ತರಬೇತಿಗೆ ಆಯ್ಕೆಯಾಗಿದ್ದಳು. ಕಾಗದವನ್ನು ಮೊದಲು ಓದಿದವನು ತಂದೆ. ಬೆಳಗಿನ ಜಾವದಿಂದ ಬ್ರೆಡ್ ಕಂಪನಿಯ ವ್ಯಾನು ಓಡಿಸಿ ಆಗಷ್ಟೇ ಮನೆಗೆ ಬಂದಿದ್ದ ಅವನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಓದಿ, ಒಳಗೆ ಆಲೂಗಡ್ಡೆ ಹೆಚ್ಚುತ್ತಿದ್ದ ತನ್ನ ತಾಯಿಗೆ, "ನಿನ್ನ ಮೆಣಸಿನ ಕಾಳಿಗೆ ಸರ್ಕಾರಿ ಕೆಲಸ ಸಿಕ್ತು ಕಣಮ್ಮ" ಎಂದ.

ಮೆಣಸು ಎನ್ನುವುದು ಅಜ್ಜಿ ಇಟ್ಟ ಹೆಸರು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳಂತೆ. ಈಗ ತಂದೆಯ ಭುಜ ಮುಟ್ಟುವಷ್ಟು ಬೆಳೆದಿದ್ದರೂ ಹೆಸರು ಮಾತ್ರ ಅಷ್ಟೇ ಉಳಿದಿತ್ತು.

ತಂದೆ ಎರಡನೇ ಪುಟ ತಿರುಗಿಸಿರಲಿಲ್ಲ. ಅದನ್ನು ಓದಿದವಳು ತಾಯಿ. ಬಾಲ್ಕನಿಯಲ್ಲಿ ನೆಲ ಒರೆಸುವ ಬಟ್ಟೆಗಳನ್ನು ಹಿಂಡಿ ಹರವುತ್ತಿದ್ದವಳು ಕೈಯೊರೆಸಿಕೊಂಡು ಬಂದು, ಸಾಲಿನ ಮೇಲೆ ಬೆರಳಿಟ್ಟು, ಕೊನೆಯ ಚುಕ್ಕೆಯವರೆಗೆ ಓದಿದಳು. ವಿದ್ಯುತ್ ಬಿಲ್ಲಿನ ಹಿಂಬದಿಯ ಸೂಚನೆಗಳನ್ನೂ ಬಿಡದೆ ಓದುವ ಹೆಂಗಸು ಅವಳು. ಸೇರುವವರ ಹೆಸರಿನಲ್ಲಿ ಯಾವ ಪ್ರಕರಣವೂ ಇಲ್ಲವೆಂದು ಸಂಬಂಧಪಟ್ಟ ಕಚೇರಿಯೇ ಕೇಂದ್ರಕ್ಕೆ ನೇರವಾಗಿ ತಿಳಿಸಬೇಕು ಎಂದು ಅಲ್ಲಿತ್ತು.

ಅಜ್ಜಿಯ ಚಾಕು ನಿಂತಿತು. "ಆ ಕನ್ನಡಕದ ವಿಷಯಾನಾ?"

ಮೆಣಸು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಇಟ್ಟವನ್ನೇ ತೆಗೆದು ಮತ್ತೆ ಇಟ್ಟಳು.

ಹದಿನಾಲ್ಕನೇ ವರ್ಷದಲ್ಲಿ ಶಾಲೆಯವರು ಅವಳ ತರಗತಿಯನ್ನು ಈಜುಕೊಳಕ್ಕೆ ಕರೆದೊಯ್ಯುವವರಿದ್ದರು. ಎಲ್ಲರ ಬಳಿಯೂ ನೀರಿನೊಳಗೆ ಹಾಕಿಕೊಳ್ಳುವ ಕನ್ನಡಕವಿತ್ತು. ಮೆಣಸು ಮನೆಯಲ್ಲಿ ಕೇಳಲೂ ಇಲ್ಲ. ಆಟದ ಸಾಮಾನಿನ ಅಂಗಡಿಗೆ ಹೋಗಿ ಒಂದು ಜೊತೆಯನ್ನು ಶಾಲೆಯ ಚೀಲದೊಳಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲೇ ಸಿಕ್ಕಿಬಿದ್ದಳು. ವಯಸ್ಸು ಚಿಕ್ಕದೆಂದು ಬೇರೆ ಶಿಕ್ಷೆಯಾಗಲಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ನಲವತ್ತು ಗಂಟೆ ಕೆಲಸ ಮಾಡಬೇಕೆಂದಾಯಿತು. ಬಾಲಾಪರಾಧ ದಾಖಲೆಗಳ ಕಚೇರಿಯಲ್ಲಿ ಅವಳ ಹೆಸರಿಗೆ ಒಂದು ಹಾಳೆ ತೆರೆದುಕೊಂಡಿತು. ಆಮೇಲೆ ಅವಳು ಕದಿಯಲಿಲ್ಲ, ಈಜುಕೊಳಕ್ಕೂ ಹೋಗಲಿಲ್ಲ.

"ಅದೆಲ್ಲ ಮುಗಿದ ಕಥೆ. ನಲವತ್ತು ಗಂಟೆ ಆಯ್ತಲ್ಲ" ಎಂದ ತಂದೆ.

"ಮುಗಿದಿದ್ರೆ ಕಾಗದದಲ್ಲಿ ಯಾಕೆ ಕೇಳ್ತಾರೆ?" ಎಂದಳು ತಾಯಿ.

ಮರುದಿನ ಅವಳು ಆ ದಾಖಲೆಗಳ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿಣಿ ಹೆಬ್ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಕಡತಗಳ ಹಾಳೆ ತಿರುಗಿಸುತ್ತಿದ್ದಳು. ಮಾತು ಚುಟುಕು, ಆದರೆ ಒರಟಲ್ಲ. ಶಿಕ್ಷೆ ಮುಗಿದರೂ ಹಾಳೆ ಹಾಗೇ ಇರುತ್ತದೆ, ಅದನ್ನು ತೆಗೆಸಲು ಬೇರೆ ಅರ್ಜಿ ಹಾಕಬೇಕು ಎಂದಳು. ಶಾಲೆಯಿಂದ ನಡತೆಯ ಪತ್ರ ಬೇಕು. ಅಂಗಡಿಯವರಿಂದ ಆಕ್ಷೇಪವಿಲ್ಲವೆಂಬ ಪತ್ರ ಬೇಕು. ಗ್ರಂಥಾಲಯದ ಹಾಜರಿ ಪುಸ್ತಕದ ನಕಲು ಬೇಕು. ಮತ್ತೆ ಎಲ್ಲವೂ ಹದಿನೆಂಟು ತುಂಬುವುದರೊಳಗೆ.

"ಹದಿನೆಂಟು ತುಂಬಿದ ದಿನ ಈ ಹಾಳೆ ದೊಡ್ಡವರ ಪಟ್ಟಿಗೆ ಹೋಗುತ್ತೆ. ಅಲ್ಲಿಂದ ತೆಗೆಸೋದು ನನ್ನ ಕೈಲಿಲ್ಲ. ಕೋರ್ಟು, ವಕೀಲರು, ಎರಡೋ ಮೂರೋ ವರ್ಷ. ಯಾವತ್ತು ಹುಟ್ಟಿದ್ದು?"

ತಾಯಿ ಹೇಳಿದಳು. ಅಧಿಕಾರಿಣಿ ಕ್ಯಾಲೆಂಡರ್ ನೋಡಿ, ಅದು ಸೋಮವಾರ ಬೀಳುತ್ತದೆ, ಹಾಗಾಗಿ ಅದರ ಹಿಂದಿನ ಶುಕ್ರವಾರ ಸಂಜೆ ನಾಲ್ಕು ಗಂಟೆಯೇ ಕೊನೆ ಎಂದಳು. ತಾಯಿ ಅದನ್ನು ಕೈಯಲ್ಲಿದ್ದ ಬಸ್ ಟಿಕೆಟಿನ ಹಿಂದೆ ಬರೆದುಕೊಂಡಳು. ಮನೆಗೆ ಬಂದು ದೊಡ್ಡ ಹಾಳೆಯ ಮೇಲೆ ಮತ್ತೆ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಉಪ್ಪು ತೆಗೆಯಲು ಹೋದಾಗಲೆಲ್ಲ ಎಲ್ಲರೂ ಅದನ್ನು ಓದಬೇಕಾಯಿತು.

ಶಾಲೆಯ ಪತ್ರ ಎರಡೇ ದಿನಕ್ಕೆ ಸಿಕ್ಕಿತು. ಅಂಗಡಿಯ ಪತ್ರ ತರುವುದು ತಂದೆಯ ಪಾಲಿಗೆ ಬಂತು. ಮ್ಯಾನೇಜರ್ ರಜೆಯಲ್ಲಿದ್ದನಾದ್ದರಿಂದ ಅದಕ್ಕೆ ಒಂಬತ್ತು ದಿನ ಹಿಡಿಯಿತು. ಹೊಸಬನಾದ ಅವನಿಗೆ ವಿಷಯವೇ ಗೊತ್ತಿರಲಿಲ್ಲ. ಏನು ಕದ್ದದ್ದು ಎಂದು ಕೇಳಿ, ಆ ಮಾದರಿಯ ಕನ್ನಡಕ ಈಗ ಯಾರೂ ಕೊಳ್ಳುವುದಿಲ್ಲ, ನಾವೇ ತರಿಸುವುದು ಬಿಟ್ಟಿದ್ದೇವೆ ಎಂದು ಹೇಳಿ ಸಹಿ ಹಾಕಿಕೊಟ್ಟನಂತೆ. ತಂದೆ ಇದನ್ನು ಊಟದ ಹೊತ್ತಿನಲ್ಲಿ ತಮಾಷೆಯಾಗಿ ಹೇಳಿದ. ಅಜ್ಜಿ ಒಬ್ಬಳೇ ನಕ್ಕಳು.

ಮಂಗಳವಾರ ತಾಯಿ, ಮಗಳು ಗ್ರಂಥಾಲಯಕ್ಕೆ ಹೋದರು. ಇಪ್ಪತ್ತು ದಿನ ಉಳಿದಿತ್ತು. ಗ್ರಂಥಪಾಲಕರು ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮೆಣಸಿನ ಗುರುತು ಹಿಡಿದರು, ಎಷ್ಟು ಬೆಳೆದಿದ್ದೀಯಮ್ಮ ಎಂದರು, ಕೆಳಗಿನ ಕಪಾಟಿನಿಂದ ಮೂರು ವರ್ಷದ ಹಿಂದಿನ ಹಾಜರಿ ಪುಸ್ತಕ ತೆಗೆದು ಧೂಳು ಕೊಡವಿ ಮೇಜಿನ ಮೇಲೆ ಬಿಚ್ಚಿದರು. ಹತ್ತು ಶನಿವಾರ, ದಿನಕ್ಕೆ ನಾಲ್ಕು ಗಂಟೆ, ಹತ್ತು ಸಾಲು. ಮೊದಲ ಐದು ಸಾಲಿನ ಕೊನೆಗೆ ಮೆಣಸಿನ ದುಂಡನೆಯ ಸಹಿ. ಆರು, ಏಳು, ಎಂಟು, ಒಂಬತ್ತನೇ ಸಾಲುಗಳಲ್ಲಿ ನೀಲಿ ಹೆಬ್ಬೆಟ್ಟು. ಹತ್ತರಲ್ಲಿ ಮತ್ತೆ ಸಹಿ.

ತಾಯಿಯ ಬೆರಳು ಆರನೇ ಸಾಲಿನಲ್ಲೇ ನಿಂತಿತು.

ಆ ನಾಲ್ಕು ಶನಿವಾರ ಮೆಣಸಿಗೆ ಕಾಮಾಲೆಯಾಗಿತ್ತು. ಕಣ್ಣು ಹಳದಿಯಾಗಿ ಹಾಸಿಗೆ ಹಿಡಿದಿದ್ದಳು. ಕೆಲಸ ತಪ್ಪಬಾರದೆಂದು ಅಜ್ಜಿ ಹೋಗಿದ್ದಳು. ಆ ಮನೆಯಲ್ಲಿ ಅದು ಹೊಸದೇನಲ್ಲ. ವಿಮಾ ಕಂಪನಿಯ ಕಟ್ಟಡದಲ್ಲಿ ಮೂರು ಮಹಡಿ ಒರೆಸುವ ಗುತ್ತಿಗೆ ತಾಯಿಯ ಹೆಸರಿನಲ್ಲಿತ್ತು, ಒರೆಸುವವರು ಮಾತ್ರ ಯಾರು ಬೇಕಾದರೂ ಆಗುತ್ತಿದ್ದರು. ತಾಯಿಗೆ ಜ್ವರವೆಂದರೆ ಅಜ್ಜಿ, ಅಜ್ಜಿಗೆ ಮಂಡಿನೋವೆಂದರೆ ತಂದೆ, ಪರೀಕ್ಷೆ ಇಲ್ಲದ ದಿನ ಮೆಣಸು. ಕಾವಲುಗಾರನ ಪುಸ್ತಕದಲ್ಲಿ ಹೋದವರು ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. "ಯಾರು ಒರೆಸಿದ್ರು ಅಂತ ನೆಲ ಕೇಳುತ್ತಾ?" ಎನ್ನುವುದು ಅಜ್ಜಿಯ ಮಾತು. ಗ್ರಂಥಾಲಯಕ್ಕೂ ಅವಳು ಹಾಗೆಯೇ ಹೋಗಿ, ಹಾಗೆಯೇ ಒರೆಸಿ, ಕೇಳಿದ ಕಡೆ ಹೆಬ್ಬೆಟ್ಟು ಒತ್ತಿ ಬಂದಿದ್ದಳು. ಕಳಿಸಿದವಳು ತಾಯಿಯೇ. ಇದು ತಪ್ಪೆಂದು ಆಗ ಅವಳಿಗೆ ಹೊಳೆದಿರಲಿಲ್ಲ. ಎಲ್ಲ ಕಾಗದವನ್ನೂ ಬೆರಳಿಟ್ಟು ಓದುವವಳಿಗೆ ಇದೊಂದು ಹೇಗೆ ಹೊಳೆಯಲಿಲ್ಲವೋ.

ಗ್ರಂಥಪಾಲಕರೂ ಹೆಬ್ಬೆಟ್ಟುಗಳನ್ನೇ ನೋಡುತ್ತಿದ್ದರು. ಪ್ರತಿ ಸಾಲಿನ ಪಕ್ಕದಲ್ಲಿ ಅವರ ಸಹಿಯೂ ಇತ್ತು. ಪುಸ್ತಕ ಮುಚ್ಚಿ, ಬಾಗಿಲ ಕಡೆ ಒಮ್ಮೆ ನೋಡಿ, ನಕಲು ಬೇಡ, ಪತ್ರ ಕೊಡುತ್ತೇನೆ ಎಂದರು. ನಲವತ್ತು ಗಂಟೆಯ ಕೆಲಸವನ್ನು ಹುಡುಗಿಯೇ ತೃಪ್ತಿಕರವಾಗಿ ಪೂರೈಸಿದ್ದಾಳೆ ಎಂದು ಬರೆದು, ಮೊಹರು ಒತ್ತಿ, ಮಡಚಿ ತಾಯಿಯ ಕೈಗಿಟ್ಟರು. ಹಾಜರಿ ಪುಸ್ತಕ ಹಾಳಾಗಿದೆಯೆಂದು ಹೇಳಿದರಾಯಿತು, ಇಷ್ಟು ಸಾಕಾಗುತ್ತದೆ ಎಂದರು. ತಾಯಿ ಅದನ್ನು ಚೀಲದೊಳಗೆ ಇಟ್ಟುಕೊಂಡಳು.

ಆ ಸಂಜೆ ಪತ್ರ ಊಟದ ಮೇಜಿನ ಮೇಲೆ, ಅನ್ನದ ಪಾತ್ರೆಗೂ ಮೊಟ್ಟೆಯ ಬಾಣಲೆಗೂ ನಡುವೆ ಇತ್ತು.

"ಕೊಟ್ಟಿದ್ದಾರಲ್ಲ, ಒಯ್ದು ಕೊಡು. ಹುಣ್ಣನ್ನ ಕೆರೆದು ದೊಡ್ಡದು ಮಾಡೋದು ಯಾಕೆ?" ಎಂದ ತಂದೆ.

"ಅದರಲ್ಲಿ ಬರೆದಿರೋದು ಸುಳ್ಳು ರೀ."

"ಕೆಲಸ ಆಗಿರೋದು ಸುಳ್ಳಾ?" ಎಂದು ಅಜ್ಜಿ ತಟ್ಟೆ ಸರಿಸಿದಳು. "ಹದಿನಾರು ಗಂಟೆ ಏಣಿ ಹತ್ತಿ ಧೂಳು ಹೊಡೆದಿದ್ದೀನಿ. ಆ ಮೇಲಿನ ಸಾಲಿಗೆ ಅದಕ್ಕೂ ಮುಂಚೆ ಯಾರೂ ಕೈ ಹಾಕಿರಲಿಲ್ಲ. ಸತ್ತ ಹಲ್ಲಿ ಎರಡು ಸಿಕ್ಕಿದ್ವು. ಅದಕ್ಕಿಂತ ನಿಜ ಬೇಕಾ ನಿನಗೆ?"

"ಕೆಲಸ ನಿಜ ಅತ್ತೆ. ಆದರೆ ಮಾಡಬೇಕಾಗಿದ್ದವಳು ಅವಳು."

"ಓಹೋ, ನನ್ನನ್ನ ಕಳಿಸಿದ್ದು ಯಾರೇ ತಾಯಿ?"

ತಾಯಿ ಎದ್ದು ನೀರು ತರಲು ಹೋದಳು. ಹೂಜಿ ತುಂಬಿಯೇ ಇತ್ತು. ತಂದೆ ದನಿ ತಗ್ಗಿಸಿ ಲೆಕ್ಕ ಹೇಳಿದ: ಉಳಿದಿರುವುದು ಇಪ್ಪತ್ತು ದಿನ, ನಿಜ ಹೇಳಹೋಗಿ ಅವರು ಅರ್ಜಿಯನ್ನೇ ತಳ್ಳಿಹಾಕಿದರೆ ಅಂಚೆಯ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆ. ಗ್ರಂಥಾಲಯದ ಆ ಮುದುಕಪ್ಪನ ಪಿಂಚಣಿಗೂ ಕಲ್ಲು ಹಾಕಿದ ಹಾಗಾಗುತ್ತದೆ. ಯಾರಿಗೂ ನಷ್ಟವಿಲ್ಲದ ಒಂದು ಸುಳ್ಳಿಗೆ ಇಷ್ಟು ಹೆದರುವುದೇಕೆ. ಅವನ ಮಾತಿನಲ್ಲಿ ತಿರುಳಿತ್ತು. ತಾಯಿಗೂ ಹಾಗೇ ಅನ್ನಿಸಿತು, ಅನ್ನಿಸಿದ್ದಕ್ಕೆ ಭಯವೂ ಆಯಿತು.

ಮೆಣಸು ಪತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಪತ್ರ ಕೊಟ್ರೂ ಆ ಪುಸ್ತಕ ಅಲ್ಲೇ ಇರುತ್ತೆ ಅಪ್ಪ. ಯಾರಾದರೂ ತೆಗೆದು ನೋಡಿದ್ರೆ?"

"ಯಾರು ನೋಡ್ತಾರೆ?"

"ನಾವು ನೋಡಿದ್ವಲ್ಲ." ಅವಳು ಮೊಟ್ಟೆಯ ತುಂಡನ್ನು ತಟ್ಟೆಯ ಅಂಚಿಗೆ ತಳ್ಳಿದಳು. "ಅವತ್ತು ಅಂಗಡಿಯ ಹಿಂದಿನ ಕೋಣೆಲಿ ಸ್ಟೂಲ್ ಮೇಲೆ ಕೂರಿಸಿದ್ರು. ಬಂದವರೆಲ್ಲ ಬಗ್ಗಿ ಮುಖ ನೋಡಿ ಹೋಗ್ತಿದ್ರು. ಇನ್ನೊಂದು ಸಲ ಹಾಗೆ ಕೂರೋಕೆ ನನ್ನಿಂದ ಆಗಲ್ಲ. ಕೆಲಸ ಹೋದ್ರೂ ಹೋಗಲಿ."

ತಂದೆ ಬಾಣಲೆಯಲ್ಲಿ ಉಳಿದದ್ದನ್ನು ಯಾರಿಗಾದರೂ ಬೇಕೇ ಎಂದು ಕೇಳದೆ ಬಡಿಸಿಕೊಂಡ.

ಬುಧವಾರ ಅವರು ಪತ್ರವನ್ನು ಹಿಂದಿರುಗಿಸಿದರು. ಗ್ರಂಥಪಾಲಕರ ಮುಖ ಕೆಂಪಾಯಿತು. ಒಳ್ಳೆಯದು ಮಾಡಲು ಹೋದವನ ತಲೆಗೇ ಬರುತ್ತದೆ ಎಂದರು. ಒಂದೂವರೆ ಗಂಟೆ ಕಾಯಿಸಿ, ಹತ್ತೂ ಸಾಲಿನ ನಕಲನ್ನು ಮೊಹರು ಒತ್ತಿ, ಕೈಗೆ ಕೊಡದೆ ಮೇಜಿನ ಮೇಲೆ ತಳ್ಳಿದರು. ತಾಯಿ ಕ್ಷಮೆ ಕೇಳಿದಳು. ಅವರು ಆಗಲೇ ಬೇರೆ ಪುಸ್ತಕ ತೆರೆದಿದ್ದರು.

ಗುರುವಾರ ಅಧಿಕಾರಿಣಿಯ ಮುಂದೆ ತಾಯಿ, ಮಗಳು ಕೂತರು. ಅವಳು ರಬ್ಬರ್ ಟೋಪಿಯ ಬೆರಳನ್ನು ಆರನೇ ಸಾಲಿನ ಮೇಲಿಟ್ಟಳು.

"ಇದು ಯಾರದು?"

"ನಮ್ಮ ಅಜ್ಜೀದು" ಎಂದಳು ಮೆಣಸು.

"ಅಜ್ಜಿ ಏನು ಕದ್ದಿದ್ರು?"

ತಾಯಿ ಮಧ್ಯೆ ಬಾಯಿ ಹಾಕಿ ಕಾಮಾಲೆ, ಗುತ್ತಿಗೆ, ಕಾವಲುಗಾರನ ಪುಸ್ತಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದಳು, ತಪ್ಪು ತನ್ನದು, ಹುಡುಗಿಯದಲ್ಲ, ಗ್ರಂಥಪಾಲಕರದ್ದೂ ಅಲ್ಲ ಎಂದಳು. ಅಧಿಕಾರಿಣಿ ಪೂರ್ತಿ ಕೇಳಿಸಿಕೊಂಡಳು. ನಿಯಮದ ಪ್ರಕಾರ ಇಪ್ಪತ್ತನಾಲ್ಕು ಗಂಟೆ ಮಾತ್ರ ಆಗಿದೆ, ಅರ್ಜಿಯನ್ನು ಇಲ್ಲೇ ತಳ್ಳಿಹಾಕಬಹುದು ಎಂದಳು. ಆಮೇಲೆ ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು, ಅಳತೆಪಟ್ಟಿಯಿಟ್ಟು, ನಾಲ್ಕು ಸಾಲುಗಳ ಮೇಲೆ ನಾಲ್ಕು ಗೆರೆ ಎಳೆದಳು. ಉಳಿದ ಹದಿನಾರು ಗಂಟೆಯನ್ನು ಹುಡುಗಿಯೇ ಮಾಡಬೇಕು. ಶಾಲೆಗೆ ಹೋಗುವವರಿಗೆ ದಿನಕ್ಕೆ ಎರಡೇ ಗಂಟೆ. ಮೇಲಧಿಕಾರಿಯ ಒಪ್ಪಿಗೆ ಬರುವವರೆಗೆ ಶುರು ಮಾಡುವಂತಿಲ್ಲ.

ಒಪ್ಪಿಗೆ ಸೋಮವಾರ ಸಂಜೆ ಬಂತು. ಗ್ರಂಥಾಲಯಕ್ಕೆ ಭಾನುವಾರ, ಸೋಮವಾರ ರಜೆ. ತಾಯಿ ಕಪಾಟಿನ ಬಾಗಿಲಿನ ಹಾಳೆಯ ಮೇಲೆ ಚೌಕ ಬರೆದಳು: ಈ ವಾರ ಮಂಗಳವಾರದಿಂದ ಶನಿವಾರ ಐದು ದಿನ, ಮುಂದಿನ ವಾರ ಮಂಗಳ, ಬುಧ, ಗುರು. ಒಟ್ಟು ಎಂಟು. ಶುಕ್ರವಾರ ನಾಲ್ಕರೊಳಗೆ ಕಚೇರಿ. ಒಂದು ದಿನ ತಪ್ಪಿದರೂ ಒಂಬತ್ತನೆಯ ದಿನವೆಂಬುದು ಇರಲಿಲ್ಲ.

ಕೆಂಪು ಗೆರೆಯ ಸುದ್ದಿ ಕೇಳಿದಂದಿನಿಂದ ಅಜ್ಜಿ ಮಾತು ನಿಲ್ಲಿಸಿದ್ದಳು. ಕೆಲಸ ಎಲ್ಲ ಮಾಡುತ್ತಿದ್ದಳು. ಊಟವನ್ನು ಮಾತ್ರ ಒಲೆಯ ಪಕ್ಕ ನಿಂತೇ ಮಾಡುತ್ತಿದ್ದಳು. ಮೂರನೆಯ ದಿನ ತಂದೆ ಕುರ್ಚಿ ಎಳೆದುಕೊಟ್ಟು, "ಕೂತ್ಕೊಳಮ್ಮ, ಕುರ್ಚಿಗಾದರೂ ಗೆರೆ ಎಳೆದಿಲ್ಲ" ಎಂದ. ಅಜ್ಜಿ ಸೊಸೆಯ ಕಡೆ ನೋಡದೆ ಮಗನಿಗೆ ಹೇಳಿದಳು: "ಐವತ್ತು ವರ್ಷ ಕಂಡವರ ನೆಲ ಒರೆಸಿದೆ. ಸರಿಯಾಗಿಲ್ಲ ಅಂತ ಬೈದಿದ್ದಾರೆ. ಕೂಲಿ ಹಿಡಿದಿದ್ದಾರೆ. ಒರೆಸಿಯೇ ಇಲ್ಲ ಅಂದವರು ಇವರೇ ಮೊದಲು."

ಮೆಣಸು ಮಂಗಳವಾರ ಸಂಜೆ ಐದಕ್ಕೆ ಶುರು ಮಾಡಿದಳು. ಗ್ರಂಥಪಾಲಕರು ಈಗ ಗೋಡೆಯ ಗಡಿಯಾರವನ್ನು ನೋಡಿಯೇ ಪೆನ್ನು ಕೊಡುತ್ತಿದ್ದರು. ಐದೆಂದರೆ ಐದು. ಐದು ನಿಮಿಷ ತಡವಾದರೆ ಆ ದಿನ ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿದ್ದರು. ಹಿಂದಿರುಗಿ ಬಂದ ಪುಸ್ತಕಗಳನ್ನು ಸಂಖ್ಯೆಯ ಪ್ರಕಾರ ಕಪಾಟಿಗೆ ಸೇರಿಸುವುದು, ಕಿತ್ತುಬಂದ ಬೆನ್ನುಗಳಿಗೆ ಅಂಟು ಹಚ್ಚಿ ದಾರ ಕಟ್ಟುವುದು, ಏಳಕ್ಕೆ ಕಿಟಕಿ ಮುಚ್ಚಿ ಸಹಿ ಹಾಕುವುದು. ಶನಿವಾರದ ಹೊತ್ತಿಗೆ ಐದು ಚೌಕ ತುಂಬಿದವು. ತಾಯಿ ಪ್ರತಿದಿನ ಮಗಳ ಉಗುರಿನಲ್ಲಿ ಒಣಗಿದ ಅಂಟನ್ನು ನೋಡಿದ ಮೇಲೆಯೇ ಪೆನ್ಸಿಲ್ ಹಿಡಿಯುತ್ತಿದ್ದಳು.

ಎರಡನೇ ವಾರದ ಬುಧವಾರ ಬೆಳಿಗ್ಗೆ ತಾಯಿ ವಿಮಾ ಕಂಪನಿಯ ಮೆಟ್ಟಿಲಿನ ಮೇಲೆ ಬಕೆಟ್ ಸಮೇತ ಜಾರಿ ಬಿದ್ದಳು. ಬಲ ಮಣಿಕಟ್ಟು ಊದಿತು. ಮೂಳೆ ಮುರಿದಿಲ್ಲ, ಆದರೆ ಎರಡು ವಾರ ಕೈ ಎತ್ತಕೂಡದು ಎಂದು ವೈದ್ಯರು ಪಟ್ಟಿ ಕಟ್ಟಿದರು. ಸಮಯವೂ ಹಾಗೇ ಕೂಡಿಬಂದಿತ್ತು. ಶುಕ್ರವಾರ ಕಂಪನಿಯ ದೊಡ್ಡವರು ಕಟ್ಟಡ ನೋಡಲು ಬರುವವರಿದ್ದರು. ಗುರುವಾರ ನೌಕರರು ಹೊರಟ ಮೇಲೆ, ಐದರಿಂದ ಏಳೂವರೆಯೊಳಗೆ, ಮೂರೂ ಮಹಡಿಗಳನ್ನು ಒರೆಸಿ ಹೊಳಪಿನ ಮೇಣ ಹಚ್ಚಿ ಮುಗಿಸಬೇಕೆಂದು ಮೇಲ್ವಿಚಾರಕ ಹೇಳಿಕಳಿಸಿದ್ದ. ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂಬ ಮಾತನ್ನೂ ಸೇರಿಸಿದ್ದ.

ಗುರುವಾರ ನಾಲ್ಕೂಕಾಲು. ಎಂಟನೆಯ ದಿನ. ಮೆಣಸು ಶಾಲೆಯಿಂದ ಬಂದು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ನಿಂತೇ ತಿನ್ನುತ್ತಿದ್ದಳು. ಅಜ್ಜಿ ಮೇಣದ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ತಂದೆಗೆ ಸಂಜೆಯ ಸುತ್ತು ಇತ್ತು. ಬದಲಿಗೆ ಇನ್ನೊಬ್ಬ ಚಾಲಕನನ್ನು ಕೇಳಲು ಹೋದವನು ಇನ್ನೂ ಬಂದಿರಲಿಲ್ಲ. ತಾಯಿ ಎಡಗೈಯಿಂದ ಒರೆಸುವ ಕೋಲನ್ನು ಹಿಡಿದು ನೋಡಿದಳು, ಹಿಡಿತ ಸಿಗಲಿಲ್ಲ.

"ಮೆಣಸೂ, ಒಂದು ಮಾತು."

"ಏನಮ್ಮ?"

"ಒಂದೇ ಒಂದು ಗಂಟೆ ನಮ್ಮ ಜೊತೆ ಬಾ. ಆರಕ್ಕೆ ನೀನು ಗ್ರಂಥಾಲಯಕ್ಕೆ ಓಡು. ಅವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಹದಿನಾಲ್ಕು ಗಂಟೆ ಆಗಿದೆ, ಇವತ್ತೊಂದು ದಿನ ಎರಡು ಗಂಟೆ ಅಂತ ಬರ್ಕೊಳ್ಳಿ ಅಂತ..."

ಹೇಳುತ್ತ ಹೇಳುತ್ತಲೇ ಅವಳ ದನಿ ಇಳಿಯಿತು. ಮೆಣಸು ಬ್ರೆಡ್ಡನ್ನು ಕೆಳಗಿಟ್ಟು, ಹೋಗಲೋ ಬೇಡವೋ ಎನ್ನುವಂತೆ ಮೇಣದ ಡಬ್ಬಿಗಳ ಕಡೆ ನೋಡಿದಳು. ಒಂದು ಕೈ ಆಗಲೇ ಚೀಲದ ಹಿಡಿಕೆಯತ್ತ ಹೋಗಿತ್ತು. ಆ ಮನೆಯಲ್ಲಿ ಬೆಳೆದವರ ಕೈ ಹಾಗೆ ತಾನಾಗಿಯೇ ಹೋಗುತ್ತಿತ್ತು.

ಅಜ್ಜಿ ಆ ಕೈಯ ಮೇಲೆ ಪಟ್ಟನೆ ಹೊಡೆದಳು.

"ಮುಟ್ಟಬೇಡ. ಹೋಗು."

"ಮೂರು ಮಹಡಿ ಅತ್ತೆ, ನಿಮ್ಮೊಬ್ಬರಿಂದ..."

"ನನ್ನ ಮಹಡಿ ಲೆಕ್ಕ ನನಗೆ ಗೊತ್ತು. ನನ್ನ ಹದಿನಾರು ಗಂಟೇನ ಅವಳು ಎಂಟು ದಿನ ಗೇದು ತೀರಿಸ್ತಿದ್ದಾಳೆ. ಇವತ್ತು ಅದಕ್ಕೂ ಗೆರೆ ಎಳೆಸ್ತೀಯಾ?" ಅಜ್ಜಿ ಮೊಮ್ಮಗಳ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದಳು. "ಹೋಗೇ. ಹಿಂದೆ ನೋಡಿದ್ರೆ ಕೋಲಲ್ಲೇ ಕೊಡ್ತೀನಿ."

ಮೆಣಸು ಹೋದಳು. ಮೆಟ್ಟಿಲಿಳಿಯುವ ಸದ್ದು ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ಕೇಳಿಸಿತು. ತಾಯಿ ಕುರ್ಚಿಯ ಮೇಲೆ ಕುಸಿದು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಏನನ್ನು ಬೇಡವೆಂದು ಹದಿನೈದು ದಿನ ಹೋರಾಡಿದ್ದಳೋ ಅದನ್ನೇ ತನ್ನ ಬಾಯಿಂದ ಕೇಳಿದ್ದಳು.

"ಎದ್ದೇಳು. ಒಂದು ಕೈಯಲ್ಲಿ ಕಸ ಗುಡಿಸಬಹುದು. ಗಂಡನಿಗೆ ಚೀಟಿ ಬರೆದಿಡು, ನೆಟ್ಟಗೆ ಅಲ್ಲಿಗೇ ಬರಲಿ" ಎಂದಳು ಅಜ್ಜಿ.

ತಂದೆ ಐದೂಮುಕ್ಕಾಲಿಗೆ ಬಂದ. ಬ್ರೆಡ್ ಕಂಪನಿಯ ಸಮವಸ್ತ್ರದಲ್ಲೇ ಎರಡನೇ ಮಹಡಿ ಹಿಡಿದ. ಅಜ್ಜಿ ಮೊದಲ ಮಹಡಿಗೆ ಕನ್ನಡಿಯಂಥ ಹೊಳಪು ತಂದಳು. ತಾಯಿ ಮುಂದೆ ಮುಂದೆ ಗುಡಿಸುತ್ತ ಹೋದಳು. ಏಳೂವರೆಗೆ ಕಾವಲುಗಾರ ಬೀಗ ಅಲ್ಲಾಡಿಸಿದಾಗ ಮೂರನೇ ಮಹಡಿಯಲ್ಲಿ ಗುಡಿಸಿದ್ದಷ್ಟೇ ಆಗಿತ್ತು. ಒರೆಸಿರಲಿಲ್ಲ, ಮೇಣ ಹಚ್ಚಿರಲಿಲ್ಲ. ಮನೆಗೆ ಬಂದಾಗ ಎಂಟನೆಯ ಚೌಕದಲ್ಲಿ ಪೆನ್ಸಿಲ್ ಗುರುತು ಬಿದ್ದಿತ್ತು. ಮೆಣಸು ಅನ್ನಕ್ಕಿಟ್ಟು ಕಾಯುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅವರು ಕಚೇರಿಯಲ್ಲಿದ್ದರು. ಮೂರಾದರೂ ಕರೆಯಲಿಲ್ಲ. ಮೂರೂಕಾಲಿಗೆ ಅಧಿಕಾರಿಣಿ ಹೊಸ ಹಾಜರಿಯ ನಕಲನ್ನು ಬೆಳಕಿಗೆ ಹಿಡಿದು ನೋಡಿದಳು. ಹಳೆಯ ಸಹಿಗೂ ಹೊಸ ಸಹಿಗೂ ಹೋಲಿಕೆಯಿಲ್ಲವಲ್ಲ ಎಂದಳು. ಹದಿನಾಲ್ಕರ ದುಂಡಗಿನ ಅಕ್ಷರ ಹದಿನೇಳಕ್ಕೆ ಬಾಗಿ ಉದ್ದವಾಗಿತ್ತು. ಅಧಿಕಾರಿಣಿ ಖಾಲಿ ಹಾಳೆ ಕೊಟ್ಟಳು. ಮೆಣಸು ಎಂಟು ಸಲ ಸಹಿ ಹಾಕಿದಳು. ಮೊದಲನೆಯದು ಸೊಟ್ಟಗೆ ಬಂತು. ಉಳಿದ ಏಳು ಒಂದೇ ಥರ ಬಂದವು. ಅಧಿಕಾರಿಣಿ ಒಂದೊಂದನ್ನೂ ಹೊಸ ಹಾಜರಿಯ ಸಹಿಗಳೊಂದಿಗೆ ಹೋಲಿಸಿ, ಆದೇಶಕ್ಕೆ ಸಹಿ ಹಾಕಿ, ಒಳಗೆ ಹೋಗಿ ಮೇಲಧಿಕಾರಿಯ ಸಹಿ ಹಾಕಿಸಿಕೊಂಡು ಬಂದಳು. ಗಡಿಯಾರ ಮೂರೂ ಐವತ್ತು ತೋರಿಸುತ್ತಿತ್ತು.

ಆಮೇಲೆ ಅವರ ಎದುರಿನಲ್ಲೇ ಹಾಳೆಯನ್ನು ಕಡತದಿಂದ ಬಿಡಿಸಿದಳು. ಮೂಲೆಯಲ್ಲಿ ಹದಿನಾಲ್ಕು ವರ್ಷದ ಮೆಣಸಿನ ಫೋಟೋ ಇತ್ತು, ಅಳು ನುಂಗಿದ ಮುಖ. ಕಾಗದ ಕತ್ತರಿಸುವ ಯಂತ್ರದ ಬಾಯಿಗೆ ಇಟ್ಟಳು. ಎಳೆ ಎಳೆಯಾಗಿ ಕೆಳಗೆ ಬಿತ್ತು.

ಅಳಿಸಿದ್ದಕ್ಕೆ ಏನಾದರೂ ಕಾಗದ ಕೊಡುತ್ತೀರಾ ಎಂದು ತಾಯಿ ಕೇಳಿದಳು.

"ಅಳಿಸಿದೆ ಅಂತ ಕಾಗದ ಕೊಟ್ರೆ, ಇತ್ತು ಅಂತ ಆಗಲ್ವೇನಮ್ಮ?" ಅಧಿಕಾರಿಣಿ ಮೊದಲ ಬಾರಿಗೆ ಸ್ವಲ್ಪ ನಕ್ಕಳು. ಅಂಚೆ ಕೇಂದ್ರಕ್ಕೆ ನಾವೇ ತಿಳಿಸುತ್ತೇವೆ ಎಂದು ಹೇಳಿ ಮೆಣಸಿನ ಕಡೆ ತಿರುಗಿದಳು. "ಇನ್ನು ಯಾರು ಕೇಳಿದರೂ ಇಲ್ಲ ಅನ್ನು. ಹಾಗೆ ಹೇಳೋ ಹಕ್ಕನ್ನ ಕಾನೂನೇ ನಿನಗೆ ಕೊಟ್ಟಿದೆ."

ಬರಿಗೈಯಲ್ಲಿ ಮನೆಗೆ ಬಂದವರನ್ನು ಕಂಡು, ಇಷ್ಟು ದಿನ ಓಡಾಡಿದ್ದಕ್ಕೆ ಒಂದು ಚೂರು ಕಾಗದವೂ ಇಲ್ಲವೇ ಎಂದು ಅಜ್ಜಿ ಬೆರಗಾದಳು. ಶನಿವಾರ ಮೇಲ್ವಿಚಾರಕ ಬಂದು ಮೂರನೇ ಮಹಡಿಯನ್ನು ಬೇರೆಯವರಿಗೆ ಕೊಟ್ಟಿರುವುದಾಗಿ ತಿಳಿಸಿ ಹೋದ. ನನ್ನಿಂದಲಾ ಎಂದು ಮೆಣಸು ಕೇಳಿದಳು. ನನ್ನ ಕೈಯಿಂದ ಎಂದು ತಾಯಿ ಹೇಳಿದಳು. ರಾತ್ರಿಯ ಊಟದಲ್ಲಿ ಮೊಟ್ಟೆ ನಾಲ್ಕರ ಬದಲು ಎರಡಿತ್ತು.

ಭಾನುವಾರ ಮಧ್ಯಾಹ್ನ, ಮೇಜು ಒರೆಸಿ, ಕೆಳಗೆ ಹಳೆ ಪತ್ರಿಕೆ ಹಾಸಿ, ಸೇರ್ಪಡೆಯ ಫಾರಂ ತುಂಬಲು ಕೂತರು. ಸೋಮವಾರ, ಅವಳ ಹುಟ್ಟಿದ ದಿನ, ಬೆಳಿಗ್ಗೆ ಒಯ್ದು ಕೊಡಬೇಕಿತ್ತು. ಮೆಣಸು ಗಟ್ಟಿಯಾಗಿ ಓದುತ್ತ ಬರೆಯುತ್ತಿದ್ದಳು, ತಾಯಿ ಪಕ್ಕದಲ್ಲಿ ಬೆರಳಿಟ್ಟು ನೋಡುತ್ತಿದ್ದಳು. ಹನ್ನೊಂದನೇ ಪ್ರಶ್ನೆಗೆ ಪೆನ್ನು ನಿಂತಿತು.

"ನಿಮ್ಮ ಹೆಸರಿನಲ್ಲಿ ಹಿಂದೆಂದಾದರೂ ಯಾವುದಾದರೂ ಪ್ರಕರಣ ದಾಖಲಾಗಿತ್ತೇ?"

"ಇಲ್ಲ ಅಂತ ಬರಿ. ಅವರೇ ಹೇಳಿದ್ದಾರಲ್ಲ" ಎಂದ ತಂದೆ.

ಮೆಣಸು ಬರೆಯಲಿಲ್ಲ. ತಾಯಿಯ ಮುಖ ನೋಡಿದಳು. ತಾಯಿಯ ಬೆರಳು ಆ ಸಾಲಿನ ಮೇಲೇ ಇತ್ತು.

"ಅವರು ಹೇಳಿದ್ದು ನಿಜ. ಆದರೂ... ಇದ್ದದ್ದನ್ನ ಇಲ್ಲ ಅಂತ ಬರೆಯೋದು ಅಂದ್ರೆ, ಆ ಪತ್ರ ವಾಪಸ್ ಕೊಟ್ಟಿದ್ದು ಯಾಕೆ ನಾವು?" ಎಂದಳು ತಾಯಿ.

ಅಜ್ಜಿ ಬಟಾಣಿ ಸುಲಿಯುತ್ತಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ನಾನು ಮಾಡಿದ ಹದಿನಾರು ಗಂಟೆ ಇತ್ತಾ ಇಲ್ವಾ?"

"ಇತ್ತು ಅತ್ತೆ."

"ಅದನ್ನ ಇಲ್ಲ ಅಂದ್ರು. ನಾನು ಒಪ್ಕೊಂಡೆ. ಅವಳದ್ದನ್ನೂ ಇಲ್ಲ ಅಂದಿದ್ದಾರೆ. ನೀನೂ ಒಪ್ಕೋ." ಅಜ್ಜಿ ಮತ್ತೆ ಬಟಾಣಿ ಎತ್ತಿಕೊಂಡಳು. "ಬರಿ ಮರಿ."

ತಾಯಿ ಬೆರಳು ತೆಗೆದಳು. ಮೆಣಸು "ಇಲ್ಲ" ಎಂದು ಬರೆದಳು. ಎರಡೇ ಅಕ್ಷರ, ಆದರೆ ಎಷ್ಟು ಒತ್ತಿ ಬರೆದಳೆಂದರೆ ಕೆಳಗಿನ ಪತ್ರಿಕೆಯ ಮೇಲೂ ಗುರುತು ಮೂಡಿತು. ತಾಯಿ ಅದನ್ನು ಎರಡು ಸಲ ಓದಿ, ಮುಂದಿನದೇನೆಂದು ಕೇಳಿದಳು.

"ಹನ್ನೆರಡು. ವಯಸ್ಸು." ಮೆಣಸು ತಲೆಯೆತ್ತಿದಳು. "ಇವತ್ತಿಂದು ಬರೀಲಾ, ನಾಳೇದು ಬರೀಲಾ ಅಮ್ಮ?"

ಬೇರೆ ದಿನವಾಗಿದ್ದರೆ ತಾಯಿ ಎದ್ದು ಹೋಗಿ ನಿಯಮವೇನಿದೆಯೆಂದು ಕೇಂದ್ರದ ಕಾಗದದ ಎರಡನೇ ಪುಟವನ್ನು ಹುಡುಕುತ್ತಿದ್ದಳು.

"ನಾಳೇದೇ ಬರಿ" ಎಂದಳು.